ರೂಟಿಂಗ್‌ಗೂ ಮೊದಲೇ ಸಿಗ್ನಲ್ ಡಿಲೇ ಅಂದಾಜು: ಎಮ್ಯುಲೇಶನ್ ಮಾಡುವವರಿಗೆ ಒಂದು ಮಷೀನ್ ಲರ್ನಿಂಗ್ ಮಾರ್ಗದರ್ಶಿ

ದೊಡ್ಡ ಚಿಪ್ ಒಂದನ್ನು ತಯಾರಿಸಲು ಫ್ಯಾಬ್‌ಗೆ ಕಳಿಸುವ ಮೊದಲು ಅದರ ಡಿಸೈನನ್ನು ಹತ್ತಾರು ಎಫ್‌ಪಿಜಿಎಗಳಿಗೆ, ಅಂದರೆ ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಿಕೊಳ್ಳಬಹುದಾದ ಚಿಪ್‌ಗಳಿಗೆ, ಹಂಚಿ ಓಡಿಸಿ ನೋಡುತ್ತಾರೆ. ಇದೇ ಹಾರ್ಡ್‌ವೇರ್ ಎಮ್ಯುಲೇಶನ್. ಇಡೀ ಚಿಪ್ಪನ್ನು ಸಿಮ್ಯುಲೇಟರಿನಲ್ಲಿ ಹಾಕಿ ಲಿನಕ್ಸ್ ಬೂಟ್ ಆಗುವವರೆಗೆ ಕಾಯೋದು ಆಗದ ಮಾತು, ಎಮ್ಯುಲೇಟರಿನಲ್ಲಿ ಅದು ಆಗುತ್ತದೆ. ಆದರೆ ಎಮ್ಯುಲೇಟರ್ ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡಬಹುದು ಅನ್ನೋದನ್ನು ಎಲ್ಲಕ್ಕಿಂತ ನಿಧಾನವಾದ ಪಾತ್, ಅಂದರೆ ಸಿಗ್ನಲ್ ಸಾಗುವ ದಾರಿ, ತೀರ್ಮಾನಿಸುತ್ತದೆ. ಆ ಪಾತ್‌ನ ಡಿಲೇ ಎಷ್ಟು ಅಂತ ಖಚಿತವಾಗಿ ಗೊತ್ತಾಗೋದು ಪ್ಲೇಸ್ ಅಂಡ್ ರೂಟ್, ಅಂದರೆ ಲಾಜಿಕ್ಕನ್ನು ಚಿಪ್ಪಿನ ಜಾಗಗಳಲ್ಲಿ ಕೂರಿಸಿ ತಂತಿಗಳಿಗೆ ದಾರಿ ಹಾಕುವ ಕೆಲಸ, ಮುಗಿದ ಮೇಲೆ. ಅದಕ್ಕೆ ಗಂಟೆಗಟ್ಟಲೆ ಬೇಕು. ಡಿಸೈನನ್ನು ಎಲ್ಲಿ ಕತ್ತರಿಸೋದು, ಯಾವ ಸಿಗ್ನಲ್ಲನ್ನು ಯಾವ ತಂತಿಗೆ ಹಾಕೋದು ಅನ್ನೋ ತೀರ್ಮಾನ ಅದಕ್ಕೂ ಮೊದಲೇ ಆಗಿರಬೇಕು. ಅಂದಾಜು ಬೇಕಾಗೋದು ಇಲ್ಲಿ.

ಈ ಅಂದಾಜನ್ನು ಮಷೀನ್ ಲರ್ನಿಂಗ್‌ನಿಂದ ಮಾಡೋದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ಕೋಟಿಗಟ್ಟಲೆ ಬೆಲೆಯ ಎಮ್ಯುಲೇಟರ್ ನಿಮ್ಮ ಹತ್ತಿರ ಇರಬೇಕಿಲ್ಲ. ಡಿಸೈನನ್ನು ನೆಟ್‌ಲಿಸ್ಟ್ (ಸೆಲ್ ಮತ್ತು ತಂತಿಗಳ ಪಟ್ಟಿ) ಮಾಡುವ ಯೋಸಿಸ್, ಅದನ್ನು ಪ್ಲೇಸ್ ಅಂಡ್ ರೂಟ್ ಮಾಡುವ ನೆಕ್ಸ್ಟ್‌ಪಿಎನ್‌ಆರ್ ಅನ್ನೋ ಎರಡು ಮುಕ್ತ ಟೂಲ್‌ಗಳು, ಪೈಥಾನ್, ಅದರ ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ಇದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪೂರ್ತಿ ಕೆಲಸ ಕಲಿಯಬಹುದು. ಬೆಂಗಳೂರಿನ ವೆರಿಫಿಕೇಶನ್ ತಂಡಗಳಲ್ಲಿ ಇರುವವರು ಆಮೇಲೆ ಇದನ್ನೇ ಆಫೀಸಿನ ದೊಡ್ಡ ಯಂತ್ರಕ್ಕೆ ಒಯ್ಯಬಹುದು. ಒಂದು ಮಾತು ಮೊದಲೇ ಹೇಳಬೇಕು. ಇದು ಸಿನಾಪ್ಸಿಸ್‌ನ ಝೀಬು, ಕೇಡೆನ್ಸ್‌ನ ಪ್ರೋಟಿಯಂ ತರಹದ ಎಫ್‌ಪಿಜಿಎ ಆಧಾರಿತ ಯಂತ್ರಗಳಿಗೆ ಹೊಂದುವ ಮಾತು. ಪಲೇಡಿಯಂನಂತೆ ತನ್ನದೇ ಪ್ರೊಸೆಸರ್‌ಗಳಿಂದ ಕಟ್ಟಿದ ಎಮ್ಯುಲೇಟರಿನಲ್ಲಿ ಲೆಕ್ಕವೇ ಬೇರೆ.

ಮೊದಲು, ಅಂದಾಜು ಯಾತಕ್ಕೆ ಅಂತ ತಿಳಿದುಕೊಳ್ಳಿ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಮಾಡೆಲ್ ಕಟ್ಟುವವರು ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ.

ಎರಡು ಎಫ್‌ಪಿಜಿಎಗಳ ನಡುವೆ ದಾಟಬೇಕಾದ ಸಿಗ್ನಲ್‌ಗಳು ಸಾವಿರಾರು, ಇರುವ ಪಿನ್‌ಗಳು ನೂರಾರು. ಹಾಗಾಗಿ ಒಂದೇ ತಂತಿಯಲ್ಲಿ ಹಲವು ಸಿಗ್ನಲ್‌ಗಳನ್ನು ಸರದಿ ಪ್ರಕಾರ ಕಳಿಸುತ್ತಾರೆ. ಇದಕ್ಕೆ ಟೈಮ್ ಡಿವಿಜನ್ ಮಲ್ಟಿಪ್ಲೆಕ್ಸಿಂಗ್ ಅಂತ ಹೆಸರು, ಎಲ್ಲರೂ ಟಿಡಿಎಂ ಅಂತಲೇ ಕರೆಯುತ್ತಾರೆ. ಒಂದು ತಂತಿ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ ಅಂದುಕೊಳ್ಳಿ. 16 ಸಿಗ್ನಲ್ ಹಂಚಿಕೊಂಡರೆ ಒಂದು ಸುತ್ತಿಗೆ 16 ನ್ಯಾನೋಸೆಕೆಂಡ್. 64 ಸಿಗ್ನಲ್ ಹಂಚಿಕೊಂಡರೆ 64 ನ್ಯಾನೋಸೆಕೆಂಡ್. ಸಿಗ್ನಲ್‌ಗಳನ್ನು ಸರದಿಯಲ್ಲಿ ತಂತಿಗೆ ಹಾಕುವ ಸೀರಿಯಲೈಸರ್‌ನ ಸಮಯ ಇದರ ಮೇಲೆ ಬೇರೆ ಇದೆ, ಸದ್ಯಕ್ಕೆ ಬಿಡೋಣ.

ಈಗ ಎರಡು ಪಾತ್ ತೆಗೆದುಕೊಳ್ಳಿ. ಮೊದಲನೆಯದು ಎಫ್‌ಪಿಜಿಎ ಒಳಗೇ 40 ನ್ಯಾನೋಸೆಕೆಂಡ್ ತಿನ್ನುತ್ತದೆ, ಎರಡನೆಯದು 8. ನಿಮ್ಮ ಬಳಿ ಒಂದು 16ರ ತಂತಿ, ಒಂದು 64ರ ತಂತಿ ಇದೆ. ಉದ್ದದ ಪಾತ್‌ಗೆ 16ರ ತಂತಿ ಕೊಟ್ಟರೆ 56, ಇನ್ನೊಂದಕ್ಕೆ 72. ಅಂದರೆ ಗಡಿಯಾರ ಸುಮಾರು 13.9 ಮೆಗಾಹರ್ಟ್ಸ್. ಅದಲು ಬದಲು ಮಾಡಿದರೆ 104 ಮತ್ತು 24. ಗಡಿಯಾರ 9.6ಕ್ಕೆ ಇಳಿಯಿತು. ಪಾತ್ ಒಂದೇ ಸಲವಲ್ಲ, ಎರಡು ಮೂರು ಸಲ ಎಫ್‌ಪಿಜಿಎ ದಾಟಿದರೆ ಸಂಖ್ಯೆಗಳು ಇನ್ನೂ ಕೆಡುತ್ತವೆ.

ಇಲ್ಲಿ ಗಮನಿಸಿ: ಸರಿಯಾದ ತೀರ್ಮಾನಕ್ಕೆ 40 ಅನ್ನೋ ಸಂಖ್ಯೆ ನಿಖರವಾಗಿ ಬೇಕಿರಲಿಲ್ಲ. 33 ಅಂತ ಅಂದಾಜಿಸಿದ್ದರೂ, 47 ಅಂತ ಅಂದಾಜಿಸಿದ್ದರೂ ತೀರ್ಮಾನ ಅದೇ. ಯಾವುದು ಉದ್ದ, ಯಾವುದು ಗಿಡ್ಡ ಅನ್ನೋದು ಸರಿಯಾಗಿದ್ದರೆ ಸಾಕಿತ್ತು. ಹಾಗಾಗಿ ನಿಮ್ಮ ಮಾಡೆಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಅಳೆಯೋದು ಸರಾಸರಿ ತಪ್ಪಿನಿಂದಲ್ಲ, ಅದನ್ನು ನಂಬಿ ತೆಗೆದುಕೊಂಡ ತೀರ್ಮಾನದಿಂದ. ಮುಂದಿನ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಡೇಟಾ ತಯಾರಿಸೋದು

ಗುರಿಯ ಚಿಪ್ ಆಗಿ ಲ್ಯಾಟಿಸ್‌ನ ಇಸಿಪಿ5 ತೆಗೆದುಕೊಳ್ಳಿ. ನೆಕ್ಸ್ಟ್‌ಪಿಎನ್‌ಆರ್ ಅದನ್ನು ಚೆನ್ನಾಗಿ ನಿಭಾಯಿಸುತ್ತದೆ. ಡಿಸೈನ್‌ಗಳಿಗೆ ಕೊರತೆ ಇಲ್ಲ: ಪಿಕೊಆರ್‌ವಿ32, ಸರ್ವ್, ವೆಕ್ಸ್‌ರಿಸ್ಕ್‌ವಿ ಇವೆಲ್ಲ ಮುಕ್ತವಾಗಿ ಸಿಗುವ ರಿಸ್ಕ್-ಫೈವ್ ಕೋರ್‌ಗಳು. ಬರೀ ಪ್ರೊಸೆಸರ್ ಬೇಡ. ಒಂದು ಎಇಎಸ್, ಒಂದು ಎಫ್‌ಐಆರ್ ಫಿಲ್ಟರ್, ಒಂದು ಯುಎಸ್‌ಬಿ ಅಥವಾ ಇಥರ್ನೆಟ್ ಕೋರ್, ಮೆಮೊರಿ ಜಾಸ್ತಿ ಬಳಸುವ ಏನಾದರೂ ಒಂದು, ಹೀಗೆ ಬೇರೆ ಬೇರೆ ಸ್ವಭಾವದವು ಬೇಕು. ಹದಿನೈದಿಪ್ಪತ್ತು ಡಿಸೈನ್ ಇದ್ದರೆ ಶುರು ಮಾಡಬಹುದು. ಇಲ್ಲಿ ಡೇಟಾದ ಸಾಲುಗಳ ಸಂಖ್ಯೆಗಿಂತ ಡಿಸೈನ್‌ಗಳ ಸಂಖ್ಯೆ ಮುಖ್ಯ. ಒಂದೇ ಡಿಸೈನ್‌ನಿಂದ ಲಕ್ಷ ಸಾಲು ತೆಗೆಯುವುದಕ್ಕಿಂತ ಇಪ್ಪತ್ತು ಡಿಸೈನ್‌ಗಳಿಂದ ಐದೈದು ಸಾವಿರ ತೆಗೆಯೋದು ಎಷ್ಟೋ ಮೇಲು.

ಪಿನ್‌ಗಳದ್ದು ಒಂದು ತೊಂದರೆ ಬರುತ್ತದೆ. ಕೋರ್‌ಗೆ ನೂರಾರು ಪೋರ್ಟ್ ಇರುತ್ತವೆ, ಚಿಪ್ಪಿನಲ್ಲಿ ಅಷ್ಟು ಪಿನ್ ಇರಲ್ಲ. ಪೋರ್ಟ್‌ಗಳನ್ನು ಸುಮ್ನೆ ಖಾಲಿ ಬಿಟ್ಟರೆ ಯೋಸಿಸ್ ಆ ಲಾಜಿಕ್ಕನ್ನೇ ಕಿತ್ತು ಹಾಕುತ್ತದೆ. ಇದಕ್ಕೆ ಉಪಾಯ: ಇನ್‌ಪುಟ್‌ಗಳನ್ನೆಲ್ಲ ಒಂದು ಶಿಫ್ಟ್ ರಿಜಿಸ್ಟರಿನಿಂದ ಕೊಡಿ, ಔಟ್‌ಪುಟ್‌ಗಳನ್ನು ಇನ್ನೊಂದು ಶಿಫ್ಟ್ ರಿಜಿಸ್ಟರಿಗೆ ಹಿಡಿದು ಹೊರಗೆ ತನ್ನಿ. ನಾಲ್ಕೈದು ಪಿನ್ ಸಾಕಾಗುತ್ತದೆ. ಈ ಹೊದಿಕೆಗೆ ಸೇರಿದ ತಂತಿಗಳನ್ನು ಮಾತ್ರ ಆಮೇಲೆ ಡೇಟಾದಿಂದ ತೆಗೆದುಬಿಡಿ.

ಅದೇ ಡಿಸೈನನ್ನು 25ಎಫ್ ಚಿಪ್ಪಿನಲ್ಲೂ 85ಎಫ್ ಚಿಪ್ಪಿನಲ್ಲೂ ಓಡಿಸಿ. ಕೋರ್‌ನ ಎರಡು, ನಾಲ್ಕು, ಎಂಟು ಪ್ರತಿಗಳನ್ನು ಇಟ್ಟೂ ಓಡಿಸಿ. ಚಿಪ್ ತುಂಬುತ್ತಾ ಹೋದ ಹಾಗೆ ತಂತಿಗಳು ಸುತ್ತಿ ಬಳಸಿ ಹೋಗಬೇಕಾಗುತ್ತದೆ, ಡಿಲೇ ಏರುತ್ತದೆ. ಎಮ್ಯುಲೇಟರಿನಲ್ಲಿ ಎಫ್‌ಪಿಜಿಎಗಳನ್ನು ಆದಷ್ಟು ತುಂಬಿಸಿಯೇ ಬಳಸುತ್ತಾರೆ ಅಲ್ವಾ, ಹಾಗಾಗಿ ಖಾಲಿ ಚಿಪ್ಪಿನಲ್ಲಿ ಕಲಿತ ಮಾಡೆಲ್ ಅಲ್ಲಿ ಕೆಲಸಕ್ಕೆ ಬರಲ್ಲ.

ಇನ್ನು ಸೀಡ್. ನೆಕ್ಸ್ಟ್‌ಪಿಎನ್‌ಆರ್‌ಗೆ ಸೀಡ್, ಅಂದರೆ ಯಾದೃಚ್ಛಿಕ ಆಯ್ಕೆಗಳನ್ನು ಶುರು ಮಾಡುವ ಸಂಖ್ಯೆ, ಕೊಡುವ ಆಯ್ಕೆ ಇದೆ. ಅದೇ ನೆಟ್‌ಲಿಸ್ಟನ್ನು ಹತ್ತು ಬೇರೆ ಬೇರೆ ಸೀಡ್‌ನಲ್ಲಿ ಓಡಿಸಿ ನೋಡಿ. ಅದೇ ತಂತಿಯ ಡಿಲೇ ಪ್ರತಿ ಸಲವೂ ಬೇರೆ ಬರುತ್ತದೆ. ಇದು ಟೂಲ್‌ನ ದೋಷವಲ್ಲ. ಪ್ಲೇಸ್‌ಮೆಂಟ್ ಅನ್ನೋದೇ ಯಾದೃಚ್ಛಿಕವಾಗಿ ಶುರುವಾಗುವ ಹುಡುಕಾಟ. ನೀವು ಊಹಿಸಬೇಕಿರೋದು ಒಂದು ಸಂಖ್ಯೆಯನ್ನಲ್ಲ, ಒಂದು ವ್ಯಾಪ್ತಿಯನ್ನು. ಪ್ರತಿ ತಂತಿಗೂ ಹತ್ತು ಸೀಡ್‌ಗಳ ನಡುಬೆಲೆ, ಅಂದರೆ ಮೀಡಿಯನ್, ಬರೆದಿಟ್ಟುಕೊಳ್ಳಿ. ಸೀಡ್‌ನಿಂದ ಸೀಡ್‌ಗೆ ಎಷ್ಟು ಅಲುಗಾಡುತ್ತದೆ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಎರಡನೆಯದು ತುಂಬಾ ಬೆಲೆಯುಳ್ಳದ್ದು. ಒಂದು ಸೀಡ್‌ನ ಡಿಲೇಯನ್ನು ಯಾವ ಮಾಡೆಲ್ಲೂ ಆ ಅಲುಗಾಟಕ್ಕಿಂತ ಚೆನ್ನಾಗಿ ಊಹಿಸಲಾರದು. ನಿಮ್ಮ ತಪ್ಪು ಅಲ್ಲಿಗೆ ತಲುಪಿದರೆ ನಿಲ್ಲಿಸಿ, ಇನ್ನೂ ದೊಡ್ಡ ಮಾಡೆಲ್ ಹುಡುಕಿ ಪ್ರಯೋಜನವಿಲ್ಲ.

ಗುರಿ ಫ್ರೀಕ್ವೆನ್ಸಿಯನ್ನು ಎಲ್ಲ ಓಟಗಳಲ್ಲೂ ಒಂದೇ ನಿಯಮದ ಪ್ರಕಾರ ಕೊಡಿ. ಟೂಲ್ ಕಷ್ಟದ ಪಾತ್‌ಗಳಿಗೆ ಜಾಗ ಬಿಟ್ಟು, ಸಡಿಲ ಇರುವ ಪಾತ್‌ಗಳನ್ನು ದೂರ ತಳ್ಳುತ್ತದೆ. ಗುರಿ ಬದಲಾದರೆ ಅದೇ ತಂತಿಯ ಡಿಲೇಯೂ ಬದಲಾಗುತ್ತದೆ.

ರಿಪೋರ್ಟ್ ತೆಗೆಯುವಾಗ ನೆಕ್ಸ್ಟ್‌ಪಿಎನ್‌ಆರ್‌ನ ಜೇಸನ್ ರಿಪೋರ್ಟ್‌ನೊಂದಿಗೆ ವಿವರವಾದ ಟೈಮಿಂಗ್ ರಿಪೋರ್ಟ್ ಆಯ್ಕೆಯನ್ನೂ ಕೊಡಿ. ಆಗ ಬರೀ ಕ್ರಿಟಿಕಲ್ (ಅತಿ ನಿಧಾನದ) ಪಾತ್ ಅಲ್ಲ, ಪ್ರತಿಯೊಂದು ನೆಟ್‌ನ (ಒಂದು ಸೆಲ್‌ನಿಂದ ಒಂದೋ ಹಲವೋ ತುದಿಗಳಿಗೆ ಹೋಗುವ ತಂತಿಯ) ಪ್ರತಿಯೊಂದು ತುದಿಯ ಡಿಲೇ ಸಿಗುತ್ತದೆ. ಇದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ಝೈಲಿಂಕ್ಸ್ (ಈಗ ಎಎಂಡಿ) ಎಫ್‌ಪಿಜಿಎಗಳಿಗೆ ಬಳಸುವ ವಿವಾಡೋ ತರಹದ ಟೂಲ್‌ನಲ್ಲಿ ಕೆಟ್ಟ ಸಾವಿರ ಪಾತ್‌ಗಳ ಪಟ್ಟಿ ತೆಗೆದು ಅದನ್ನೇ ಟ್ರೇನಿಂಗ್‌ಗೆ ಕೊಡುವುದು ಸುಲಭ. ಹಾಗೆ ಮಾಡಿದರೆ ಮಾಡೆಲ್ ನೋಡೋದು ಕೆಟ್ಟದಾಗಿ ರೂಟ್ ಆದ ತಂತಿಗಳನ್ನು ಮಾತ್ರ. ಅದೇ ತರಹದ ಇನ್ನೊಂದು ತಂತಿ ಚೆನ್ನಾಗಿ ರೂಟ್ ಆಗಿ ಪಟ್ಟಿಗೇ ಬಂದಿರಲ್ಲ. ಆಗ ಮಾಡೆಲ್ ಎಲ್ಲವನ್ನೂ ಜಾಸ್ತಿಯಾಗಿ ಅಂದಾಜಿಸುತ್ತದೆ. ಇಡೀ ಡಿಸೈನ್‌ನಿಂದ ಸಮವಾಗಿ ಆರಿಸಿ.

ಒಂದು ಸಾಲು ಅಂದರೆ ಒಂದು ನೆಟ್ ಅಲ್ಲ, ಒಂದು ಡ್ರೈವರ್‌ನಿಂದ (ಸಿಗ್ನಲ್ ಹೊರಡುವ ಸೆಲ್‌ನಿಂದ) ಒಂದು ತುದಿಗೆ ಹೋಗುವ ಒಂದು ಸಂಪರ್ಕ. ನಲವತ್ತು ಕಡೆ ಹೋಗುವ ನೆಟ್‌ಗೆ ನಲವತ್ತು ಬೇರೆ ಬೇರೆ ಡಿಲೇ ಇರುತ್ತವೆ.

ಫೀಚರ್‌ಗಳು: ಆ ಹೊತ್ತಿಗೆ ಗೊತ್ತಿರುವುದು ಮಾತ್ರ

ನಿಮ್ಮ ಅಂದಾಜು ಪ್ಲೇಸ್‌ಮೆಂಟ್‌ಗೆ ಮೊದಲು ಬಳಕೆಯಾಗುತ್ತದೆ. ಹಾಗಿದ್ದರೆ ಪ್ಲೇಸ್‌ಮೆಂಟ್ ಆದ ಮೇಲೆ ಗೊತ್ತಾಗುವ ಯಾವುದನ್ನೂ ಮಾಡೆಲ್‌ಗೆ ಕೊಡಬಾರದು. ಎರಡು ಸೆಲ್‌ಗಳ ನಡುವಿನ ದೂರ ಕೊಟ್ಟರೆ ಫಲಿತಾಂಶ ಅದ್ಭುತವಾಗಿ ಬರುತ್ತದೆ, ಆದರೆ ನಿಜವಾದ ಬಳಕೆಯಲ್ಲಿ ಆ ದೂರ ನಿಮ್ಮ ಕೈಯಲ್ಲಿ ಇರಲ್ಲ. ಮಾಡೆಲ್‌ಗೆ ಕೊಡುವ ಪ್ರತಿ ಫೀಚರ್‌ನ ಮುಂದೆ ‘ಇದು ಯಾವ ಹಂತದಲ್ಲಿ ಗೊತ್ತಾಗುತ್ತದೆ’ ಅಂತ ಒಂದು ಕಾಲಂ ಬರೆದು ಇಟ್ಟುಕೊಳ್ಳಿ. ಸಣ್ಣ ಅಭ್ಯಾಸ, ತುಂಬಾ ಉಳಿಸುತ್ತದೆ.

ನೆಕ್ಸ್ಟ್‌ಪಿಎನ್‌ಆರ್‌ನಲ್ಲಿ ಪ್ಲೇಸ್‌ಮೆಂಟ್‌ಗೆ ಸ್ವಲ್ಪ ಮೊದಲು ನಿಮ್ಮದೇ ಪೈಥಾನ್ ಸ್ಕ್ರಿಪ್ಟ್ ಓಡಿಸುವ ಅವಕಾಶ ಇದೆ. ಫೀಚರ್‌ಗಳನ್ನು ಅಲ್ಲೇ ತೆಗೆಯಿರಿ. ಅಷ್ಟು ಹೊತ್ತಿಗೆ ಸೆಲ್‌ಗಳನ್ನು ಚಿಪ್ಪಿನ ಘಟಕಗಳಾಗಿ ಕಟ್ಟುವ ಪ್ಯಾಕಿಂಗ್ ಮುಗಿದಿರುತ್ತದೆ, ಹೆಸರುಗಳು ಕೊನೆಯ ರಿಪೋರ್ಟ್‌ನ ಹೆಸರುಗಳಿಗೆ ಹೊಂದುತ್ತವೆ. ಯೋಸಿಸ್‌ನ ಜೇಸನ್‌ನಿಂದಲೇ ತೆಗೆಯಲು ಹೋದರೆ ಹೆಸರು ಹೊಂದಿಸೋದರಲ್ಲೇ ಸಮಯ ಹೋಗುತ್ತದೆ.

ಏನೇನು ತೆಗೆಯಬೇಕು? ಫ್ಯಾನ್‌ಔಟ್, ಅಂದರೆ ನೆಟ್ ಎಷ್ಟು ತುದಿಗಳಿಗೆ ಹೋಗುತ್ತದೆ ಅನ್ನೋದು, ಮೊದಲನೆಯದು. ಡ್ರೈವರ್ ಯಾವ ಬಗೆಯದು, ತುದಿ ಯಾವ ಬಗೆಯದು: ಲಟ್ (ಸಣ್ಣ ಲಾಜಿಕ್ ಘಟಕ), ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಘಟಕ), ಬ್ಲಾಕ್ ರ‍್ಯಾಮ್, ಡಿಎಸ್‌ಪಿ (ಗುಣಾಕಾರದ ಘಟಕ). ಬ್ಲಾಕ್ ರ‍್ಯಾಮ್ ಮತ್ತು ಡಿಎಸ್‌ಪಿಗಳು ಚಿಪ್ಪಿನಲ್ಲಿ ನಿಗದಿಯಾದ ಜಾಗಗಳಲ್ಲಿ ಮಾತ್ರ ಇರುವುದರಿಂದ ಅವುಗಳ ಕಡೆಗೆ ಹೋಗುವ ತಂತಿಗಳು ಸಾಮಾನ್ಯವಾಗಿ ಉದ್ದ. ಹಿಂದಿನ ಫ್ಲಾಪ್‌ನಿಂದ ಇಲ್ಲಿಗೆ ಎಷ್ಟು ಲಟ್ ದಾಟಿ ಬಂದಿದೆ, ಮುಂದಿನ ಫ್ಲಾಪ್‌ಗೆ ಇನ್ನೆಷ್ಟು ಲಟ್ ಇದೆ. ಎರಡನ್ನೂ ಕೂಡಿದರೆ ಈ ತಂತಿ ಕಷ್ಟದ ಪಾತ್‌ನಲ್ಲಿದೆಯೋ ಸಡಿಲ ಪಾತ್‌ನಲ್ಲಿದೆಯೋ ಅನ್ನೋ ಸುಳಿವು ಸಿಗುತ್ತದೆ, ಟೂಲ್ ಅದನ್ನು ಎಷ್ಟು ಮುದ್ದಿನಿಂದ ನೋಡಿಕೊಳ್ಳುತ್ತದೆ ಅನ್ನೋದು ಅದರ ಮೇಲೆ ನಿಂತಿದೆ. ಚಿಪ್ ಎಷ್ಟು ಶೇಕಡಾ ತುಂಬಿದೆ. ಎರಡು ಹೆಜ್ಜೆಯ ನೆರೆಯಲ್ಲಿ ಎಷ್ಟು ಸೆಲ್‌ಗಳಿವೆ. ಡ್ರೈವರ್ ಮತ್ತು ತುದಿಗೆ ಸಾಮಾನ್ಯವಾಗಿರುವ ನೆರೆಯ ಸೆಲ್‌ಗಳು ಎಷ್ಟು. ಇವು ಜಾಸ್ತಿ ಇದ್ದರೆ ಎರಡೂ ಹತ್ತಿರ ಕೂರುವ ಸಾಧ್ಯತೆ ಜಾಸ್ತಿ.

ಹೈರಾರ್ಕಿ (ಯಾವ ಮಾಡ್ಯೂಲಿನೊಳಗೆ ಯಾವುದು ಇದೆ ಅನ್ನೋದು) ಕೂಡ ಒಳ್ಳೆಯ ಸುಳಿವು, ಒಂದೇ ಮಾಡ್ಯೂಲಿನೊಳಗಿನ ತಂತಿ ಸಾಮಾನ್ಯವಾಗಿ ಗಿಡ್ಡ ಇರುತ್ತದೆ. ಆದರೆ ಯೋಸಿಸ್ ಒಳಗೆ ಬಳಸುವ ಎಬಿಸಿ ಅನ್ನೋ ಟೂಲ್ ಲಾಜಿಕ್ಕನ್ನು ಮರುಜೋಡಣೆ ಮಾಡುವಾಗ ಲಟ್‌ಗಳ ಮೂಲ ಹೆಸರು ಉಳಿಯಲ್ಲ. ಫ್ಲಾಪ್‌ಗಳ ಹೆಸರು ಉಳಿಯುತ್ತದೆ. ಹಾಗಾಗಿ ಹಿಂದಿನ ಫ್ಲಾಪ್ ಮತ್ತು ಮುಂದಿನ ಫ್ಲಾಪ್‌ನ ಹೆಸರುಗಳಲ್ಲಿ ಮೊದಲಿನಿಂದ ಎಷ್ಟು ಭಾಗ ಒಂದೇ ಇದೆ ಅಂತ ಎಣಿಸಿ.

ಕೆಲವನ್ನು ಬದಿಗಿಡಿ. ಕ್ಲಾಕ್ ಮತ್ತು ಗ್ಲೋಬಲ್ ರಿಸೆಟ್ ತಂತಿಗಳಿಗೆ ಚಿಪ್ಪಿನಲ್ಲಿ ಪ್ರತ್ಯೇಕ ದಾರಿ ಇದೆ, ಅವು ಡೇಟಾದಲ್ಲಿ ಇರಬಾರದು. ಕೂಡಿಸುವಾಗ ಬರುವ ದಶಕವನ್ನು ಸಾಗಿಸುವ ಕ್ಯಾರಿ ಚೈನ್ ಕೂಡ ಹಾಗೆ, ಅದರ ಡಿಲೇ ಹೆಚ್ಚುಕಮ್ಮಿ ಸ್ಥಿರ. ಒಂದೇ ಸ್ಲೈಸ್‌ಗೆ (ಚಿಪ್ಪಿನ ಒಂದು ಲಾಜಿಕ್ ಗುಂಪಿಗೆ) ಕಟ್ಟಿದ ಲಟ್-ಫ್ಲಾಪ್ ಜೋಡಿಯ ನಡುವಿನ ಡಿಲೇ ಸೊನ್ನೆಗೆ ಹತ್ತಿರ. ಇವನ್ನೆಲ್ಲ ಮಿಕ್ಕ ತಂತಿಗಳ ಜೊತೆ ಬೆರೆಸಿದರೆ ನಿಮ್ಮ ಸರಾಸರಿ ತಪ್ಪು ಸುಂದರವಾಗಿ ಕಾಣುತ್ತದೆ, ಕಷ್ಟದ ತಂತಿಗಳ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಇವಕ್ಕೆ ನೇರವಾಗಿ ಟೇಬಲ್‌ನಿಂದ ಬೆಲೆ ಕೊಡಿ. ಲಟ್‌ನ ಒಳಗಿನ ಡಿಲೇಯೂ ಚಿಪ್‌ನ ಟೈಮಿಂಗ್ ಡೇಟಾದಲ್ಲೇ ಇದೆ, ಅದನ್ನು ಕಲಿಸುವ ಅಗತ್ಯ ಇಲ್ಲ. ಕಲಿಸಬೇಕಿರೋದು ತಂತಿಯ ಡಿಲೇ ಮಾತ್ರ.

ಮಾಡೆಲ್

ಮೊದಲು ಮಾಡೆಲ್ ಇಲ್ಲದೆ ಮಾಡಿ. ಡ್ರೈವರ್ ಬಗೆ, ತುದಿಯ ಬಗೆ, ಫ್ಯಾನ್‌ಔಟ್‌ನ ನಾಲ್ಕೈದು ಗುಂಪು, ಇವುಗಳ ಪ್ರತಿ ಜೋಡಣೆಗೆ ನಡುಬೆಲೆಯ ಒಂದು ಟೇಬಲ್ ಮಾಡಿ. ಇದನ್ನು ಸೋಲಿಸಲಾಗದ ಯಾವ ಮಾಡೆಲ್ಲೂ ಬೇಡ.

ಆಮೇಲೆ ಗ್ರೇಡಿಯೆಂಟ್ ಬೂಸ್ಟಿಂಗ್, ಅಂದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತಾ ಹೋಗುವ ಡಿಸಿಷನ್ ಟ್ರೀಗಳ (ಮರಗಳ) ಸಾಲು. ಸೈಕಿಟ್-ಲರ್ನ್‌ನ ಹಿಸ್ಟ್‌ಗ್ರೇಡಿಯೆಂಟ್‌ಬೂಸ್ಟಿಂಗ್ ರಿಗ್ರೆಸರ್ ಸಾಕು, ಲೈಟ್‌ಜಿಬಿಎಂ ಆದರೂ ಸರಿ. ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಬಳಸಬೇಕೋ ಅಂತ ತುಂಬಾ ಜನ ಕೇಳುತ್ತಾರೆ. ನೆಟ್‌ಲಿಸ್ಟ್ ಅನ್ನೋದೇ ಗ್ರಾಫ್, ಹಾಗಾಗಿ ಪ್ರಶ್ನೆ ಸಹಜ. ನನ್ನ ಅಭಿಪ್ರಾಯ: ಡಿಸೈನ್‌ಗಳು ನೂರಾರು ಇದ್ದಾಗ ಯೋಚಿಸಿ. ಇಪ್ಪತ್ತು ಡಿಸೈನ್‌ಗೆ ಮರಗಳೇ ಸಾಕು, ಮೇಲಾಗಿ ಮಾಡೆಲ್ ಏನು ನೋಡಿ ಹೇಳುತ್ತಿದೆ ಅಂತ ಅರ್ಥವಾಗುತ್ತದೆ.

ಲಾಸ್ ಫಂಕ್ಷನ್, ಅಂದರೆ ತಪ್ಪಿಗೆ ಹಾಕುವ ದಂಡದ ಲೆಕ್ಕ, ಅದರ ಬಗ್ಗೆ ಸ್ವಲ್ಪ ನಿಲ್ಲೋಣ. ಡಿಲೇಯನ್ನು ಜಾಸ್ತಿ ಅಂದಾಜಿಸಿದರೆ ಒಂದು ಒಳ್ಳೆಯ ತಂತಿ ವ್ಯರ್ಥವಾಯಿತು, ಅಷ್ಟೇ. ಕಮ್ಮಿ ಅಂದಾಜಿಸಿದರೆ ಉದ್ದದ ಪಾತ್ 64ರ ತಂತಿಗೆ ಹೋಗಿ ಬೀಳುತ್ತದೆ, ಇಡೀ ಎಮ್ಯುಲೇಟರ್ ಅದರ ವೇಗಕ್ಕೆ ಇಳಿಯುತ್ತದೆ. ಎರಡು ತಪ್ಪಿನ ಬೆಲೆ ಒಂದೇ ಅಲ್ಲ. ಅದಕ್ಕೆ ಕ್ವಾಂಟೈಲ್ ಲಾಸ್ ಬಳಸಿ. 0.9 ಕೊಟ್ಟರೆ ಕಮ್ಮಿ ಅಂದಾಜಿಗೆ ಜಾಸ್ತಿ ಅಂದಾಜಿಗಿಂತ 9 ಪಟ್ಟು ದಂಡ. ಎರಡು ಮಾಡೆಲ್ ತರಬೇತು ಮಾಡಿ: ಒಂದು 0.5ಕ್ಕೆ, ಒಂದು 0.9ಕ್ಕೆ. 0.5ರದ್ದಕ್ಕೆ ನಡುಬೆಲೆ ಸಾಕು. 0.9ರದ್ದಕ್ಕೆ ಹತ್ತೂ ಸೀಡ್‌ಗಳ ಬೆಲೆಗಳನ್ನು ಬೇರೆ ಬೇರೆ ಸಾಲುಗಳಾಗಿ ಕೊಡಿ, ಇಲ್ಲದಿದ್ದರೆ ಅಲುಗಾಟ ಅದಕ್ಕೆ ಕಾಣೋದೇ ಇಲ್ಲ.

ತಂತಿಗಳಿಂದ ಪಾತ್‌ಗೆ ಹೋಗುವಾಗ ಎಚ್ಚರ. ಒಂದು ಪಾತ್‌ನಲ್ಲಿ ಹತ್ತು ತಂತಿ ಇದ್ದರೆ ಹತ್ತರ 0.9 ಅಂದಾಜುಗಳನ್ನು ಕೂಡಿಸಬೇಡಿ. ಹತ್ತೂ ತಂತಿಗಳು ಒಟ್ಟಿಗೆ ಕೆಟ್ಟದಾಗಿ ರೂಟ್ ಆಗೋದು ಅಪರೂಪ, ಮೊತ್ತ ಬೇಕಾದ್ದಕ್ಕಿಂತ ತುಂಬಾ ದೊಡ್ಡದಾಗುತ್ತದೆ. ಹಾಗಂತ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವೂ ಅಲ್ಲ, ಒಂದು ಜಾಗದಲ್ಲಿ ದಟ್ಟಣೆ ಆದರೆ ಅಲ್ಲಿನ ಎಲ್ಲ ತಂತಿಗಳೂ ಒಟ್ಟಿಗೆ ನರಳುತ್ತವೆ. ಸೂತ್ರ ಹುಡುಕುವ ಬದಲು ಅಳೆಯಿರಿ. 0.5ರ ಅಂದಾಜುಗಳನ್ನು ಕೂಡಿಸಿ ಪಾತ್‌ನ ಮೊತ್ತ ತೆಗೆಯಿರಿ, ಅದಕ್ಕೂ ನಿಜವಾದ ಡಿಲೇಗೂ ಇರುವ ವ್ಯತ್ಯಾಸವನ್ನು ಟ್ರೇನಿಂಗ್‌ಗೆ ಬಳಸದ ಡಿಸೈನ್‌ಗಳ ಮೇಲೆ ನೋಡಿ, ಪಾತ್‌ನ ಉದ್ದಕ್ಕೆ ತಕ್ಕಂತೆ ಎಷ್ಟು ಹೆಚ್ಚುವರಿ ಸೇರಿಸಬೇಕು ಅಂತ ತೀರ್ಮಾನಿಸಿ. 0.9ರ ಮಾಡೆಲ್ ಒಂದೊಂದೇ ತಂತಿಯ ತೀರ್ಮಾನಕ್ಕೆ, ಅಂದರೆ ಎಫ್‌ಪಿಜಿಎ ಅಂಚಿಗೆ ನೇರ ಹೋಗುವ ಗಿಡ್ಡ ಪಾತ್‌ಗಳಿಗೆ ಇಟ್ಟುಕೊಳ್ಳಿ.

ಪರೀಕ್ಷೆ

ಸಾಲುಗಳನ್ನು ಕಲಸಿ ಶೇಕಡಾ 80 ಟ್ರೇನಿಂಗ್, 20 ಟೆಸ್ಟ್ ಅಂತ ಹಂಚಿದರೆ ನಲವತ್ತು ತುದಿಗಳ ಒಂದೇ ನೆಟ್‌ನ ಸುಮಾರು ಮೂವತ್ತೆರಡು ತುದಿಗಳು ಟ್ರೇನಿಂಗ್‌ನಲ್ಲಿ, ಎಂಟು ತುದಿಗಳು ಟೆಸ್ಟ್‌ನಲ್ಲಿ ಬರುತ್ತವೆ. ಮಾಡೆಲ್ ಉತ್ತರವನ್ನು ಮೊದಲೇ ನೋಡಿರುತ್ತದೆ. ಇಡೀ ಡಿಸೈನನ್ನೇ ಬದಿಗಿಟ್ಟು ಪರೀಕ್ಷಿಸಿ. ಸೈಕಿಟ್-ಲರ್ನ್‌ನ ಗ್ರೂಪ್‌ಕೆಫೋಲ್ಡ್‌ಗೆ ಡಿಸೈನ್ ಹೆಸರನ್ನು ಗುಂಪಾಗಿ ಕೊಟ್ಟರೆ ಆಯಿತು. ಎರಡು ಪ್ರತಿ, ಎಂಟು ಪ್ರತಿ ಇರುವ ಓಟಗಳೂ ಎಲ್ಲ ಸೀಡ್‌ಗಳೂ ಅದೇ ಗುಂಪಿನಲ್ಲೇ ಇರಲಿ. ಪಿಕೊಆರ್‌ವಿ32ರ ಒಂದು ಸೀಡ್ ಟ್ರೇನಿಂಗ್‌ನಲ್ಲಿ ಇದ್ದು ಇನ್ನೊಂದು ಸೀಡ್ ಟೆಸ್ಟ್‌ನಲ್ಲಿ ಇದ್ದರೆ ಅದು ಪರೀಕ್ಷೆಯೇ ಅಲ್ಲ.

ಸಂಖ್ಯೆಗಳಲ್ಲಿ ಮೂರು ನೋಡಿ. ಎಷ್ಟು ಪಾತ್‌ಗಳನ್ನು ಕಮ್ಮಿ ಅಂದಾಜಿಸಿದೆ, ಅದರಲ್ಲೂ ಉದ್ದದ ಪಾತ್‌ಗಳಲ್ಲಿ ಎಷ್ಟು. ಪಾತ್‌ಗಳ ಕ್ರಮ ಎಷ್ಟು ಸರಿ ಇದೆ, ಅದಕ್ಕೆ ಸ್ಪಿಯರ್‌ಮನ್ ಸಂಬಂಧಾಂಕ ಇದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಂದಾಜನ್ನು ಬಳಸಿ ತಂತಿಗಳನ್ನು ಹಂಚಿ, ಆಮೇಲೆ ನಿಜವಾದ ಡಿಲೇ ಹಾಕಿ ಅತಿ ಉದ್ದದ ಪಾತ್ ಎಷ್ಟು ಬಂತು ನೋಡಿ. ನಿಜವಾದ ಡಿಲೇ ಮೊದಲೇ ಗೊತ್ತಿದ್ದಿದ್ದರೆ ಎಷ್ಟು ಬರುತ್ತಿತ್ತು ಅಂತಲೂ ಲೆಕ್ಕ ಹಾಕಿ. ಟೇಬಲ್ ಬಳಸಿದ್ದರೆ ಎಷ್ಟು ಅಂತಲೂ. ಎರಡು ನಕಲಿ ತಂತಿ ಗುಂಪು, 16 ಮತ್ತು 64, ಇಟ್ಟುಕೊಂಡು ಮೂವತ್ತು ಸಾಲಿನ ಪೈಥಾನ್‌ನಲ್ಲಿ ಇದನ್ನು ಮಾಡಬಹುದು. ಮಾಡೆಲ್ ಬದಲಾಯಿಸಿ ಸರಾಸರಿ ತಪ್ಪು ಇಳಿದರೂ ಈ ಮೂರನೇ ಸಂಖ್ಯೆ ಅಲುಗಾಡದೇ ಇದ್ದರೆ ಆ ಬದಲಾವಣೆಯಿಂದ ಎಮ್ಯುಲೇಟರಿಗೆ ಏನೂ ಸಿಗಲಿಲ್ಲ.

ದೊಡ್ಡ ಯಂತ್ರಕ್ಕೆ ಒಯ್ಯುವಾಗ

ಆಫೀಸಿನಲ್ಲಿ ವಿವಾಡೋ ಇದ್ದರೆ ಅದರ ಸ್ಕ್ರಿಪ್ಟ್ ಭಾಷೆ ಟಿಕಲ್‌ನಿಂದ ಪಾತ್‌ಗಳ ಲಾಜಿಕ್ ಡಿಲೇ, ನೆಟ್ ಡಿಲೇ, ಲಾಜಿಕ್ ಲೆವೆಲ್ ಬೇರೆ ಬೇರೆಯಾಗಿ ತೆಗೆಯಬಹುದು. ಸೀಡ್ ಬದಲಿಗೆ ಪ್ಲೇಸ್‌ಮೆಂಟ್‌ನ ಬೇರೆ ಬೇರೆ ಡೈರೆಕ್ಟಿವ್‌ಗಳನ್ನು ಕೊಟ್ಟು ಅಲುಗಾಟ ಅಳೆಯಿರಿ.

ದೊಡ್ಡ ಎಫ್‌ಪಿಜಿಎಗಳಲ್ಲಿ ಹೊಸದೊಂದು ಸಂಗತಿ ಸೇರುತ್ತದೆ. ಝೈಲಿಂಕ್ಸ್ 2019ರಲ್ಲಿ ಪ್ರಕಟಿಸಿದ ವಿಯು19ಪಿಯಲ್ಲಿ ಸುಮಾರು 90 ಲಕ್ಷ ಲಾಜಿಕ್ ಸೆಲ್‌ಗಳಿವೆ, ಆದರೆ ಅದು ಒಂದೇ ಸಿಲಿಕಾನ್ ತುಂಡಲ್ಲ. ಎಸ್‌ಎಲ್‌ಆರ್ ಅನ್ನುವ ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸಿದ್ದು. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವ ತಂತಿ ದುಬಾರಿ. ಯಾವ ತಂತಿ ದಾಟುತ್ತದೆ ಅಂತ ಪ್ಲೇಸ್‌ಮೆಂಟ್‌ಗೆ ಮೊದಲು ಗೊತ್ತಿರಲ್ಲ. ಆದರೆ ಡಿಸೈನ್‌ನ ಈ ಭಾಗ ಒಂದು ತುಂಡಿನಲ್ಲಿ ಹಿಡಿಸುತ್ತದೋ ಇಲ್ಲವೋ ಅಂತ ಗೊತ್ತಿರುತ್ತದೆ, ಅದನ್ನು ಫೀಚರ್ ಮಾಡಿ. ಎಎಂಡಿಯ 2023ರ ವರ್ಸಲ್ ವಿಪಿ1902ರಲ್ಲಿ ತುಂಡುಗಳು ಎರಡು ಸಾಲು, ಎರಡು ಕಂಬದಲ್ಲಿ ಕೂತಿವೆ. ಅಲ್ಲಿ ದೂರದ ಲೆಕ್ಕವೇ ಬದಲಾಗುತ್ತದೆ. ಒಂದು ಚಿಪ್ಪಿನಲ್ಲಿ ಕಲಿತ ಮಾಡೆಲ್ಲನ್ನು ಇನ್ನೊಂದಕ್ಕೆ ಹಾಗೇ ಬಳಸಬೇಡಿ. ಟೂಲ್‌ನ ಆವೃತ್ತಿ ಬದಲಾದಾಗಲೂ ಮರುತರಬೇತಿ ಕೊಡಿ.

ವೇಗದ ಮಾತೂ ಇದೆ. ಡಿಸೈನನ್ನು ಎಫ್‌ಪಿಜಿಎಗಳಿಗೆ ಕತ್ತರಿಸಿ ಹಂಚುವ ಪಾರ್ಟಿಷನರ್ ಒಂದು ಸೆಲ್ಲನ್ನು ಆ ಕಡೆ ಈ ಕಡೆ ಸರಿಸಿ ನೋಡುವಾಗ ಅಂದಾಜನ್ನು ಲಕ್ಷಾಂತರ ಸಲ ಕೇಳುತ್ತದೆ. ಪೈಥಾನ್‌ನಿಂದ ಒಂದೊಂದೇ ಸಲ ಕರೆದರೆ ಆಗೋ ಕೆಲಸವಲ್ಲ. ಎಲ್ಲ ತಂತಿಗಳ ಅಂದಾಜನ್ನು ಮೊದಲೇ ಒಟ್ಟಿಗೆ ಲೆಕ್ಕ ಹಾಕಿ ಫೈಲಿಗೆ ಬರೆದಿಡಿ. ಕತ್ತರಿಸುವ ಜಾಗ ಬದಲಾದಾಗ ಮಾತ್ರ ಆ ಸುತ್ತಲಿನ ತಂತಿಗಳಿಗೆ ಮತ್ತೆ ಕೇಳಿ, ಅದಕ್ಕೆ ಮಾಡೆಲ್ಲನ್ನು ಸಿ ಕೋಡ್ ಆಗಿ ಪರಿವರ್ತಿಸಿಕೊಳ್ಳಿ.

ಕೊನೆಗೆ ರೂಟಿಂಗ್ ಮುಗಿದ ಮೇಲೆ ಬರುವ ಟೈಮಿಂಗ್ ರಿಪೋರ್ಟೇ ಅಂತಿಮ. ಎಮ್ಯುಲೇಟರಿನ ಗಡಿಯಾರವನ್ನು ಅದರಿಂದಲೇ ನಿಗದಿ ಮಾಡಬೇಕು, ಮಾಡೆಲ್‌ನ ಸಂಖ್ಯೆಯಿಂದ ಅಲ್ಲ. ಪ್ರತಿ ಕಂಪೈಲ್ ಮುಗಿದಾಗಲೂ ಅಂದಾಜು ಎಷ್ಟು, ನಿಜ ಎಷ್ಟು ಅಂತ ಒಂದು ಫೈಲಿಗೆ ಸೇರಿಸುತ್ತಾ ಹೋಗಿ. ಮುಂದಿನ ಸಲದ ಟ್ರೇನಿಂಗ್ ಡೇಟಾ ಅಲ್ಲೇ ಇದೆ, ಅದಕ್ಕೆ ಬೇರೆ ಖರ್ಚಿಲ್ಲ.